ಒಂಟಿ ಡಬ್ಬಿಯ ರೈಲು ಹತ್ತಲು ಜಪಾನಿನ ಯಾವ ಮೂಲೆಗೆ ಹೋಗಬೇಕು?

ಜಪಾನಿಗೆ ಹೊರಟ ಗೆಳೆಯರು ನನಗೆ ಮೂರು ಫೋಟೊ ಕಳಿಸುತ್ತಾರೆ. ಹಸಿರು ನದಿಯ ಮೇಲೆ ಕಮಾನು ಸೇತುವೆ, ಅದರ ಮೇಲೊಂದು ಪುಟ್ಟ ರೈಲು. ಸಮುದ್ರಕ್ಕೆ ಮುಖ ಮಾಡಿದ ಪ್ಲಾಟ್‌ಫಾರಂ, ಅದರಲ್ಲೊಂದು ಬೆಂಚು. ಬಯಲಿನ ತುಂಬ ಹಿಮ, ನಡುವೆ ಒಂದೇ ಒಂದು ಡಬ್ಬಿ. 'ಇದರಲ್ಲಿ ಯಾವುದಕ್ಕೆ ಹೋಗೋಣ? ಎರಡಾದರೂ ಆಗತ್ತಾ?' ಎಂದು ಕೇಳುತ್ತಾರೆ.

ಆಗುವುದಿಲ್ಲ. ಮೊದಲನೆಯದು ಫುಕುಶಿಮಾ ಪ್ರಾಂತ್ಯದ ಬೆಟ್ಟಗಳಲ್ಲಿದೆ, ಎರಡನೆಯದು ಶಿಕೋಕು ದ್ವೀಪದಲ್ಲಿ, ಮೂರನೆಯದು ಹೊಕ್ಕೈಡೋದ ಪೂರ್ವದ ತುದಿಯಲ್ಲಿ. ಒಂದು ವಾರದ ರಜೆಯಲ್ಲಿ ಮೂರನ್ನೂ ಹಿಡಿಯಲು ಹೋದರೆ ನೀವು ನೋಡುವುದು ವಿಮಾನ ನಿಲ್ದಾಣಗಳನ್ನೇ. ಹಾಗಾಗಿ ಒಂದನ್ನು ಆರಿಸಿಕೊಳ್ಳಬೇಕು, ಮತ್ತು ಫೋಟೊ ನೋಡಿ ಆರಿಸಬಾರದು. ಇದನ್ನು ಹೇಳುವುದಕ್ಕೇ ಈ ಬರಹ.

ನಾವು ಮಾತಾಡುತ್ತಿರುವ ವಸ್ತು ಏನೆಂಬುದು ಮೊದಲು ಸ್ಪಷ್ಟವಾಗಲಿ. ಮುಂದೊಂದು ಎಂಜಿನ್, ಹಿಂದೆ ಡಬ್ಬಿ ಅಲ್ಲ ಇದು. ಡಬ್ಬಿಯ ಹೊಟ್ಟೆಯಡಿಯಲ್ಲೇ ಡೀಸೆಲ್ ಎಂಜಿನ್, ಎರಡು ತುದಿಯಲ್ಲೂ ಡ್ರೈವರ್‌ ಕೋಣೆ. ಕೊನೆಯ ನಿಲ್ದಾಣದಲ್ಲಿ ರೈಲನ್ನು ತಿರುಗಿಸುವ ಗೋಜಿಲ್ಲ, ಡ್ರೈವರ್ ತನ್ನ ಚೀಲ ಹಿಡಿದು ಈ ತುದಿಯಿಂದ ಆ ತುದಿಗೆ ನಡೆದು ಹೋದರಾಯಿತು. ಡಬ್ಬಿಯ ಮೈಮೇಲೆ 'ಕಿಹಾ' ಎಂಬ ಜಪಾನಿ ಅಕ್ಷರಗಳೂ ಒಂದು ಸಂಖ್ಯೆಯೂ ಇರುತ್ತವೆ. 'ಕಿ' ಎಂದರೆ ಎಂಜಿನ್ ಹೊತ್ತ ಡಬ್ಬಿ. 'ಹಾ' ಎಂದರೆ ಸಾಮಾನ್ಯ ದರ್ಜೆ. ಹಳೆಯ 'ಇ-ರೊ-ಹಾ' ಅಕ್ಷರಕ್ರಮದಲ್ಲಿ ಮೂರನೆಯದು, ಅಂದರೆ ಹಿಂದಿನ ಕಾಲದ ಮೂರನೇ ಕ್ಲಾಸು. ಹಳಿಗಳ ನಡುವಿನ ಅಗಲ 1,067 ಮಿಲಿಮೀಟರ್, ನಮ್ಮ ಹಳೆಯ ಮೀಟರ್‌ಗೇಜಿಗಿಂತ ನಾಲ್ಕು ಬೆರಳು ಹೆಚ್ಚು, ಅಷ್ಟೇ. ಶಿವಮೊಗ್ಗ–ತಾಳಗುಪ್ಪ ನಡುವೆ ಮೀಟರ್‌ಗೇಜಿನ ಕಾಲದಲ್ಲಿ ಓಡುತ್ತಿದ್ದ ರೈಲ್‌ಬಸ್ ನೆನಪಿದ್ದವರಿಗೆ ಇದು ಅದರ ದೂರದ ಅಣ್ಣನ ಹಾಗೆ ಕಾಣುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಅದು ಹೇಳಿದ ನಿಮಿಷಕ್ಕೆ ಬರುತ್ತದೆ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು

ಮೊದಲನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ದಿನಕ್ಕೆ ಎಷ್ಟು ರೈಲು, ಮತ್ತು ವಾಪಸು ಬರುವುದು ಹೇಗೆ? ಈ ರೈಲುಗಳು ಪ್ರವಾಸಿಗರಿಗಾಗಿ ಓಡುವುದಿಲ್ಲ. ಬೆಳಿಗ್ಗೆ ಹೈಸ್ಕೂಲಿಗೆ ಹೋಗುವ ಮಕ್ಕಳು, ಆಸ್ಪತ್ರೆಗೆ ಹೋಗುವ ಅಜ್ಜಿಯರು, ಸಂಜೆ ಮತ್ತೆ ಅದೇ ಮಕ್ಕಳು – ವೇಳಾಪಟ್ಟಿ ಹೆಣೆದಿರುವುದು ಇವರ ಸುತ್ತ. ನಡುವಿನ ಐದಾರು ಗಂಟೆ ಏನೂ ಇಲ್ಲದಿರಬಹುದು. ಗಂಟೆಗೊಂದು ರೈಲಿರುವ ಲೈನಿನಲ್ಲಿ ಚೆಂದದ ಸ್ಟೇಷನ್ ಕಂಡರೆ ಇಳಿಯಬಹುದು. ದಿನಕ್ಕೆ ಮೂರು ರೈಲಿರುವ ಲೈನಿನಲ್ಲಿ ಇಳಿದರೆ ಅಂದಿನ ದಿನ ಅಲ್ಲಿಗೇ ಮುಗಿಯಿತು.

ಎರಡನೆಯದು ಪಾಸು. ಇಡೀ ದೇಶದ ಜಪಾನ್ ರೈಲ್ ಪಾಸ್ 2023ರ ಅಕ್ಟೋಬರ್‌ನಲ್ಲಿ ಏಳು ದಿನಕ್ಕೆ 29,650 ಯೆನ್‌ನಿಂದ 50,000 ಯೆನ್‌ಗೆ ಜಿಗಿಯಿತು. ಹಳ್ಳಿ ಲೈನಿಗಾಗಿಯೇ ಇದನ್ನು ಕೊಳ್ಳುವುದು ದಂಡ. ಶಿಂಕಾನ್‌ಸೆನ್ ಎಂಬ ಬುಲೆಟ್ ರೈಲಿನಲ್ಲಿ ಉದ್ದುದ್ದ ಓಡಾಡುವವರಿಗೆ ಮಾತ್ರ ಲೆಕ್ಕ ಕೂಡೀತು. ಇನ್ನೊಂದು ತೊಡಕಿದೆ. ನಷ್ಟದ ಲೈನುಗಳನ್ನು ರಾಷ್ಟ್ರೀಯ ರೈಲ್ವೆಯೂ, ಅದನ್ನು ಒಡೆದು ಮಾಡಿದ ಜೆಆರ್ (ಜಪಾನ್ ರೈಲ್ವೆ) ಕಂಪನಿಗಳೂ 1980ರ ದಶಕದಿಂದ ಒಂದೊಂದಾಗಿ ಕೈಬಿಟ್ಟಾಗ, ಹಲವನ್ನು ಪ್ರಾಂತ್ಯ, ಪಟ್ಟಣ ಮತ್ತು ಸ್ಥಳೀಯ ಕಂಪನಿಗಳು ಸೇರಿ ಉಳಿಸಿಕೊಂಡವು. ಇವನ್ನು ಅಲ್ಲಿ 'ಮೂರನೇ ವಲಯ'ದ ರೈಲು ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯದು, ಆದರೆ ಸಾಮಾನ್ಯವಾಗಿ ಜೆಆರ್ ಪಾಸು ಅಲ್ಲಿ ನಡೆಯದು. ಕೈಯಲ್ಲಿ ಕಾಸು ಕಡಿಮೆ, ಸಮಯ ಧಾರಾಳ ಎನ್ನುವವರಿಗೆ 'ಸೇಶುನ್ 18' ಎಂಬ ರಜಾಕಾಲದ ಟಿಕೆಟ್ ಇದೆ. ಹದಿನೆಂಟು ವರ್ಷದವರಿಗೆ ಮಾತ್ರವಲ್ಲ, ಎಂಬತ್ತರವರೂ ಕೊಳ್ಳಬಹುದು. 2024ರ ಚಳಿಗಾಲದಿಂದ ಅದರ ನಿಯಮ ಬದಲಾಗಿ, ಸತತ ಮೂರು ದಿನಕ್ಕೆ 10,000 ಯೆನ್, ಸತತ ಐದು ದಿನಕ್ಕೆ 12,050 ಯೆನ್ ಆಯಿತು. ಜೆಆರ್‌ನ ಲೋಕಲ್ ಮತ್ತು ರಾಪಿಡ್ ರೈಲುಗಳಿಗೆ ಮಾತ್ರ.

ಮೂರನೆಯದನ್ನು ಯಾರೂ ಬರೆಯುವುದಿಲ್ಲ: ಶೌಚಾಲಯ. ಕೆಲವು ಡಬ್ಬಿಗಳಲ್ಲಿ ಇದೆ, ಕೆಲವುದರಲ್ಲಿ ಇಲ್ಲವೇ ಇಲ್ಲ. ಎರಡೂವರೆ ಗಂಟೆಯ ಪಯಣದಲ್ಲಿ, ಜೊತೆಗೆ ವಯಸ್ಸಾದ ಅಪ್ಪ-ಅಮ್ಮ ಇದ್ದರೆ, ಸೇತುವೆಯ ಚೆಲುವಿಗಿಂತ ಇದು ದೊಡ್ಡ ವಿಷಯ.

ನಾಲ್ಕನೆಯದು ಮಳೆ ಮತ್ತು ಹಿಮ. ಬೆಟ್ಟದ ಲೈನುಗಳು ಹಿಮ ಹೆಚ್ಚಾದರೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನಿಲ್ಲುತ್ತವೆ. ಭಾರಿ ಮಳೆಗೆ ಸೇತುವೆ ಕೊಚ್ಚಿಹೋದರೆ ವರ್ಷಗಟ್ಟಲೆ. ಕ್ಯೂಶೂ ದ್ವೀಪದ ಹಿಸಾತ್ಸು ಲೈನಿನಲ್ಲಿ ಯಾತ್ಸುಶಿರೋ–ಯೋಶಿಮಾತ್ಸು ಭಾಗ 2020ರ ಜುಲೈ ಪ್ರವಾಹದ ನಂತರ ನಿಂತಿತು. ಟೋಕಿಯೋಗೆ ಹತ್ತಿರವೆಂದು ಎಲ್ಲರೂ ಹೊಗಳುತ್ತಿದ್ದ ಇಸುಮಿ ರೈಲು 2024ರ ಅಕ್ಟೋಬರ್‌ನಲ್ಲಿ ಹಳಿ ತಪ್ಪಿದ ಮೇಲೆ ಇಡೀ ಲೈನನ್ನೇ ನಿಲ್ಲಿಸಿದರು. ಹಳೆಯ ಬ್ಲಾಗು ನಂಬಿ ಹೊರಡಬೇಡಿ.

ಇನ್ನು ಹತ್ತಿ ಇಳಿಯುವ ಪದ್ಧತಿ. 'ವಾನ್‌ಮನ್' ಎಂದು ಬರೆದಿದ್ದರೆ ಡ್ರೈವರ್ ಒಬ್ಬನೇ, ಕಂಡಕ್ಟರ್ ಇಲ್ಲ. ಸಾಮಾನ್ಯವಾಗಿ ಹಿಂಬಾಗಿಲಲ್ಲಿ ಹತ್ತಿ, ಅಲ್ಲಿರುವ ಪೆಟ್ಟಿಗೆಯಿಂದ ನಂಬರು ಚೀಟಿ ಎಳೆದುಕೊಳ್ಳಬೇಕು. ಮುಂದೆ, ಡ್ರೈವರ್ ತಲೆಯ ಮೇಲಿನ ಫಲಕದಲ್ಲಿ ಪ್ರತಿ ನಂಬರಿನ ಕೆಳಗೂ ದರ ಏರುತ್ತ ಹೋಗುತ್ತದೆ. ಇಳಿಯುವಾಗ ಮುಂಬಾಗಿಲು, ಚೀಟಿ ಮತ್ತು ಹಣ ಎರಡನ್ನೂ ಡ್ರೈವರ್ ಪಕ್ಕದ ಪೆಟ್ಟಿಗೆಗೆ ಹಾಕಬೇಕು. ಚಿಲ್ಲರೆ ಮಾಡುವ ಯಂತ್ರ ಅಲ್ಲೇ ಇರುತ್ತದೆ, ಆದರೆ ಅದು ಬಯಸುವುದು ಸಾವಿರದ ನೋಟು. ನಾನೊಮ್ಮೆ ಹತ್ತು ಸಾವಿರದ ನೋಟು ಹಿಡಿದು ನಿಂತಿದ್ದೆ. ಡ್ರೈವರ್ ಏನೂ ಅನ್ನಲಿಲ್ಲ, ಗಡಿಯಾರ ನೋಡಿದ. ಹಿಂದೆ ನಿಂತಿದ್ದ ಅಜ್ಜಿ ತನ್ನ ಪರ್ಸು ತೆಗೆದು ಒಂದೊಂದೇ ನೋಟು ಎಣಿಸಿ ಚಿಲ್ಲರೆ ಕೊಟ್ಟಳು. ಇಡೀ ಡಬ್ಬಿ, ಅಂದರೆ ಆರು ಜನ, ಅದನ್ನು ನೋಡುತ್ತಿತ್ತು. ಹಣ ತುಂಬಿಸಿಟ್ಟು ನಗರದಲ್ಲಿ ಬಳಸುವ ಸುಯಿಕಾ ಕಾರ್ಡು ಇಂಥ ಬಹಳಷ್ಟು ಲೈನುಗಳಲ್ಲಿ ನಡೆಯುವುದಿಲ್ಲ. ದೊಡ್ಡ ಸೂಟ್‌ಕೇಸನ್ನು ಊರಲ್ಲೇ ಲಾಕರಿನಲ್ಲಿಡಿ. ಬೆಳಗಿನ ರೈಲಿನಲ್ಲಿ ಮಕ್ಕಳು ನಿಲ್ಲುವ ಜಾಗ ಅದು.

ಒಂದೇ ದಿನ ಇದೆ, ಟೋಕಿಯೋದಲ್ಲಿದ್ದೇನೆ ಎನ್ನುವವರಿಗೆ: ವತರಾಸೆ ಕೇಕೋಕು

ಕಿರ್ಯೂನಿಂದ ಮತೋವರೆಗೆ 44.1 ಕಿಲೋಮೀಟರ್, ಸುಮಾರು ಒಂದೂವರೆ ಗಂಟೆ, ಉದ್ದಕ್ಕೂ ವತರಾಸೆ ನದಿಯ ಕಣಿವೆ. ಡಬ್ಬಿಗಳ ಬಣ್ಣ ತಾಮ್ರದ ಕಂದು. ಅದು ಅಲಂಕಾರಕ್ಕಲ್ಲ, ಈ ಹಳಿ ಹಾಕಿದ್ದೇ ಆಶಿಯೋ ತಾಮ್ರದ ಗಣಿಗಾಗಿ. ಗಣಿಯ ವಿಷ ಕೆಳಗಿನ ಗದ್ದೆಗಳನ್ನು ಹಾಳುಮಾಡಿದಾಗ ತನಾಕಾ ಶೋಜೋ ಎಂಬ ಸಂಸದ 1901ರಲ್ಲಿ ಸ್ಥಾನ ಬಿಟ್ಟು, ನೇರವಾಗಿ ಚಕ್ರವರ್ತಿಯ ಗಾಡಿಗೇ ಅಹವಾಲು ಒಯ್ದ. ಗಣಿ ಮುಚ್ಚಿದ್ದು 1973ರಲ್ಲಿ. ತ್ಸೂದೋ ಸ್ಟೇಷನ್ನಿನಲ್ಲಿ ಇಳಿದರೆ ಗಣಿಯ ಸುರಂಗದೊಳಗೆ ಹೋಗಿ ನೋಡಬಹುದು. ಕುದುರೆಮುಖದ ಕತೆ ಬಲ್ಲವರಿಗೆ ಆ ಬೋಳು ಗುಡ್ಡಗಳನ್ನು ವಿವರಿಸಬೇಕಿಲ್ಲ.

ಟೋಕಿಯೋದ ಅಸಾಕುಸದಿಂದ ತೋಬು ಕಂಪನಿಯ ಎಕ್ಸ್‌ಪ್ರೆಸ್‌ನಲ್ಲಿ ಐಯೋಯಿಗೆ ಬಂದು ಇಲ್ಲಿ ಹತ್ತಬಹುದು. ಮತೋ ಕಡೆಯಿಂದ ನಿಕ್ಕೋಗೆ ಬಸ್ಸಿದೆ, ಹಾಗಾಗಿ ಬಂದ ದಾರಿಯಲ್ಲೇ ಮರಳಬೇಕೆಂದೇನೂ ಇಲ್ಲ. ಮಕ್ಕಳೊಂದಿಗೆ ಹೋಗುವವರಿಗೆ, ಮೊದಲ ಬಾರಿ ಹೋಗುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ. ಕೊರತೆ ಎಂದರೆ, ನವೆಂಬರಿನ ಎಲೆ ಕೆಂಪಾಗುವ ವಾರಗಳಲ್ಲಿ ಇದು ಒಂಟಿ ಡಬ್ಬಿಯೂ ಅಲ್ಲ, ಒಂಟಿತನವೂ ಅಲ್ಲ. ಜೆಆರ್ ಪಾಸೂ ನಡೆಯದು.

ಫೋಟೊದ ಲೈನು: ತದಾಮಿ

ಐಝು-ವಕಾಮಾತ್ಸುವಿನಿಂದ ಕೊಯಿದೆವರೆಗೆ 135.2 ಕಿಲೋಮೀಟರ್. ಬೆಂಗಳೂರಿನಿಂದ ಮೈಸೂರಿನಷ್ಟು ದೂರಕ್ಕೆ ನಾಲ್ಕೂವರೆ ಗಂಟೆಯ ಆಸುಪಾಸು. ಈ ತುದಿಯಿಂದ ಆ ತುದಿಗೆ ಹೋಗುವ ರೈಲು ದಿನಕ್ಕೆ ಮೂರೇ.

2011ರ ಜುಲೈ ಮಳೆಗೆ ಇಲ್ಲಿನ ಸೇತುವೆಗಳು ಕೊಚ್ಚಿಹೋದವು. ಐಝು-ಕವಾಗುಚಿಯಿಂದ ತದಾಮಿವರೆಗಿನ 27.6 ಕಿಲೋಮೀಟರಿಗೆ ಬಸ್ಸೇ ಸಾಕು ಎಂದಿತು ರೈಲ್ವೆ. ಊರಿನವರು ಒಪ್ಪಲಿಲ್ಲ. ಸುಮಾರು 900 ಕೋಟಿ ಯೆನ್ ಖರ್ಚಾಗಿ, ಹನ್ನೊಂದು ವರ್ಷ ಕಳೆದು, 2022ರ ಅಕ್ಟೋಬರ್ 1ರಂದು ರೈಲು ಮತ್ತೆ ಓಡಿತು. ಆ ಭಾಗದ ಹಳಿ, ಸೇತುವೆಗಳು ಈಗ ಫುಕುಶಿಮಾ ಪ್ರಾಂತ್ಯದ ಆಸ್ತಿ; ಜೆಆರ್ ಅದರ ಮೇಲೆ ಗಾಡಿ ಮಾತ್ರ ಓಡಿಸುತ್ತದೆ.

ಈಗ ಆ ಪ್ರಸಿದ್ಧ ಫೋಟೊದ ವಿಷಯ. ಅದು ಮಿಶಿಮಾ ಊರಿನ ಹತ್ತಿರ, ಮೊದಲ ತದಾಮಿ ಸೇತುವೆಯನ್ನು ಎದುರು ಗುಡ್ಡದಿಂದ ನೋಡಿದಾಗ ಸಿಗುವ ದೃಶ್ಯ. ರೈಲಿನೊಳಗೆ ಕೂತವರಿಗೆ ಅದು ಕಾಣುವುದಿಲ್ಲ! ಸೇತುವೆ ದಾಟುವ ಅರ್ಧ ನಿಮಿಷ ಕೆಳಗೆ ನೀರು ಕಾಣುತ್ತದೆ, ಅಷ್ಟೇ. ಹಾಗಾಗಿ ತದಾಮಿಗೆ ಹೋಗುವವರು ಮೊದಲೇ ತೀರ್ಮಾನಿಸಬೇಕು, ರೈಲನ್ನು ನೋಡುವುದೋ, ರೈಲಿನಿಂದ ನೋಡುವುದೋ. ನೋಡುವುದಾದರೆ ಐಝು-ಮಿಯಾಶಿತಾದಲ್ಲಿ ಇಳಿದು, ಮುಂದಿನ ರೈಲು ಸೇತುವೆಗೆ ಬರುವ ಹೊತ್ತಿಗೆ ಗುಡ್ಡದ ಮೇಲಿರಬೇಕು. ಕಾರು ಬಾಡಿಗೆಗೆ ಹಿಡಿದರೆ ಇನ್ನೂ ಸಲೀಸು. ಎರಡೂ ಬೇಕೆಂದರೆ ಒಂದು ರಾತ್ರಿ ಅಲ್ಲಿ ತಂಗಬೇಕು.

ನಾನಂತೂ ರೈಲಿನಿಂದ ನೋಡುವ ಪಕ್ಷ. ಐಝುವಿನ ಬಯಲು ಗದ್ದೆ ಮುಗಿದು ಗಾಡಿ ಬೆಟ್ಟ ಹತ್ತುವಾಗ ಹೊಟ್ಟೆಯಡಿಯ ಎಂಜಿನ್ನಿನ ದನಿ ಬದಲಾಗುತ್ತದೆ. ಆಮೇಲೆ ನದಿ ಎಡಕ್ಕೋ ಬಲಕ್ಕೋ ಎಂದು ಲೆಕ್ಕ ಹಿಡಿಯುವುದನ್ನು ಬಿಟ್ಟುಬಿಡುತ್ತೀರಿ, ಅಷ್ಟು ಸಲ ದಾಟುತ್ತದೆ. ತದಾಮಿ ದಾಟಿದ ಮೇಲೆ ರೊಕುಜೂರಿಗೋಎ ಎಂಬ ಆರು ಕಿಲೋಮೀಟರಿಗೂ ಉದ್ದದ ಸುರಂಗ. ಆ ಕಡೆ ನಿಗಾತಾ. ಚಳಿಗಾಲದಲ್ಲಿ ಈ ಭಾಗ ಹಿಮದಿಂದ ಮುಚ್ಚಿಹೋಗುವುದು ಅಪರೂಪವೇನಲ್ಲ. ಇದು ಜೆಆರ್ ಲೈನು, ಸೇಶುನ್ 18 ನಡೆಯುತ್ತದೆ. ಅದೇ ಕಾರಣಕ್ಕೆ ಆ ಟಿಕೆಟ್ಟಿನ ದಿನಗಳಲ್ಲಿ ನಿಂತು ಹೋಗುವವರೂ ಇರುತ್ತಾರೆ. ರಜೆಯಲ್ಲದ ಮಂಗಳವಾರವೋ ಬುಧವಾರವೋ ಹೋಗಿ.

ಪೂರ್ವದ ತುದಿ: ಹನಸಾಕಿ

ಹೊಕ್ಕೈಡೋದ ಕುಶಿರೋದಿಂದ ನೆಮುರೋಗೆ 135.4 ಕಿಲೋಮೀಟರ್. ತದಾಮಿಗಿಂತ ಇನ್ನೂರು ಮೀಟರು ಹೆಚ್ಚು, ಆದರೆ ಎರಡೂವರೆ ಗಂಟೆಯ ಒಳಗೆ-ಹೊರಗೆ ಮುಗಿಯುತ್ತದೆ, ಏಕೆಂದರೆ ಇದು ಬಯಲು, ಜೌಗು, ಕಾಡು. ದಿನಕ್ಕೆ ಐದಾರು ರೈಲು. ಇಲ್ಲಿ ಓಡುತ್ತ ಬಂದಿರುವುದು ಕಿಹಾ 54, ಹಳೆಯ ರಾಷ್ಟ್ರೀಯ ರೈಲ್ವೆ ಒಡೆದು ಜೆಆರ್ ಕಂಪನಿಗಳಾಗುವ ಮುನ್ನಾ ವರ್ಷ, 1986ರಲ್ಲಿ ಕಟ್ಟಿದ ಸ್ಟೀಲು ಡಬ್ಬಿಗಳು. ಒಂದೇ ಗಾಡಿಗೆ ಎರಡು ಎಂಜಿನ್. ಕೆಲವು ಡಬ್ಬಿಗಳಿಗೆ ಮೊದಲ ತಲೆಮಾರಿನ ಶಿಂಕಾನ್‌ಸೆನ್‌ನಿಂದ ಕಳಚಿದ ಸೀಟುಗಳನ್ನು ಹಾಕಿದ್ದರು. ಸೀಟಿನ ಸಾಲಿಗೂ ಕಿಟಕಿಯ ಸಾಲಿಗೂ ತಾಳೆಯಾಗದೆ, ಕೆಲವರ ಪಾಲಿಗೆ ಬರೀ ಗೋಡೆ. ಸೀಟು ಹಿಡಿಯುವ ಮೊದಲು ಪಕ್ಕ ನೋಡಿ ಕೂರಿ.

ನೆಮುರೋ ಕಡೆ ಹೋಗುವಾಗ ಬಲಬದಿ ಕೂರುವುದು ಲೇಸು. ಅಕ್ಕೇಶಿ ದಾಟಿದ ಮೇಲೆ ಸರೋವರ, ಬೆಕಾನ್‌ಬೇಉಶಿ ಜೌಗು ನೆಲ, ಓಚಿಇಶಿ ಹತ್ತಿರ ಪೆಸಿಫಿಕ್ ಸಾಗರದ ಬಂಡೆಗಳು. ರೈಲು ಇದ್ದಕ್ಕಿದ್ದಂತೆ ಸೀಟಿ ಹೊಡೆದು ಬ್ರೇಕು ಹಾಕಿದರೆ ಗಾಬರಿಯಾಗಬೇಡಿ, ಹಳಿಯ ಮೇಲೆ ಜಿಂಕೆ ನಿಂತಿರುತ್ತದೆ. ಡ್ರೈವರಿನ ಪಕ್ಕದ ಗಾಜಿನ ಬಳಿ ನಿಂತರೆ ಜಿಂಕೆಯ ಮುಖಭಾವವೂ ಕಾಣುತ್ತದೆ: ದಾರಿ ಯಾರದ್ದು ಎಂಬ ವಿಷಯದಲ್ಲಿ ಅದಕ್ಕೆ ಸಂಶಯವೇ ಇಲ್ಲ.

ದೇಶದ ಅತಿ ಪೂರ್ವದ ಸ್ಟೇಷನ್ನೆಂಬ ಹೆಸರು ಹಿಗಾಶಿ-ನೆಮುರೋಗಿತ್ತು. 2025ರ ಮಾರ್ಚ್‌ನಲ್ಲಿ ಅದನ್ನು ಮುಚ್ಚಿದ ಮೇಲೆ ಆ ಪಟ್ಟ ನೆಮುರೋಗೇ ಬಂತು. ಜೆಆರ್ ಹೊಕ್ಕೈಡೋ ತಾನೊಬ್ಬನೇ ಸಾಗಿಸಲಾರೆ ಎಂದು 2016ರಲ್ಲಿ ಹೆಸರಿಸಿದ ಲೈನುಗಳಲ್ಲಿ ಇದೂ ಒಂದು. 'ಮುಂದಿನ ಸಲ ನೋಡೋಣ' ಎನ್ನುವಂಥದ್ದಲ್ಲ.

ಖರ್ಚು? ರೈಲಿನದ್ದಲ್ಲ, ಕುಶಿರೋ ತಲುಪುವುದರದ್ದು. ಟೋಕಿಯೋದಿಂದ ವಿಮಾನ ಹಿಡಿಯುವುದೇ ಬುದ್ಧಿವಂತಿಕೆ. ಎರಡು ರಾತ್ರಿಯಾದರೂ ಬೇಕು. ಊಟದಲ್ಲಿ ಸಸ್ಯಾಹಾರಿಗಳಿಗೆ ಇದು ಕಷ್ಟದ ದಾರಿ: ಅಕ್ಕೇಶಿ ಸ್ಟೇಷನ್ನಿನ ಹೆಸರುವಾಸಿ ಬುತ್ತಿಯೂ ಸಿಂಪಿ ಬೆರೆಸಿದ ಅನ್ನವೇ. ಕುಶಿರೋದಲ್ಲೇ ಉಪ್ಪಿನಕಾಯಿ ಹಣ್ಣು ಉಮೆ ಇಟ್ಟ ಅನ್ನದುಂಡೆ ಕಟ್ಟಿಸಿಕೊಂಡು ಹೊರಡಿ. ಹುಳಿ, ಉಪ್ಪು, ಅನ್ನ – ಮೊಸರೊಂದು ಇಲ್ಲ.

ಹುಚ್ಚರಿಗೆ ಮಾತ್ರ: ಕಿಸುಕಿ ಮತ್ತು ಗೇಬಿ

ಇಷ್ಟು ಓದಿದ ಮೇಲೂ 'ಇನ್ನೂ ಒಳಗೆ ಏನಾದರೂ ಇದೆಯೇ' ಎನ್ನುವವರಿಗೆ ಹೊನ್ಶೂ ದ್ವೀಪದ ಪಶ್ಚಿಮದ ಬೆಟ್ಟಗಳು. ಇಲ್ಲಿ ಓಡುವುದು ಕಿಹಾ 120, ಹದಿನಾರು ಮೀಟರಿನ ಪುಟ್ಟ ಡಬ್ಬಿ. ಬಂದ ಹೊಸದರಲ್ಲಿ ಶೌಚಾಲಯ ಇರಲಿಲ್ಲ, ಆಮೇಲೆ ಸೇರಿಸಿದರು.

ಕಿಸುಕಿ ಲೈನು ಶಿಂಜಿಯಿಂದ ಬಿಂಗೋ-ಓಚಿಯಾಯಿವರೆಗೆ 81.9 ಕಿಲೋಮೀಟರ್, ಮೂರು ಗಂಟೆಯಷ್ಟು. ಕೊನೆಯ ಭಾಗದಲ್ಲಿ, ಇಝುಮೋ-ಯೊಕೋತಾ ದಾಟಿದರೆ, ದಿನಕ್ಕೆ ಮೂರೇ ರೈಲು. ಹಾದಿಯಲ್ಲಿ ಕಮೆದಾಕೆ ಸ್ಟೇಷನ್ ಕಟ್ಟಡದೊಳಗೇ ಸೋಬಾ ಹೋಟೆಲಿದೆ, ಸೋಬಾ ಎಂದರೆ ಬಕ್‌ವೀಟ್ ಹಿಟ್ಟಿನ ಶಾವಿಗೆ. ಈ ಸೀಮೆ ಅದಕ್ಕೆ ಹೆಸರುವಾಸಿ. ಅದಕ್ಕಿಂತ ಹಿಂದೆ, ಮರಳಿನಿಂದ ಕಬ್ಬಿಣ ತೆಗೆಯುವ ತತಾರಾ ಕುಲುಮೆಗಳಿಗೆ.

ಆದರೆ ಜನ ಇಷ್ಟು ದೂರ ಬರುವುದು ಇಝುಮೋ-ಸಕಾನೆಗಾಗಿ. ಸ್ಟೇಷನ್ 565 ಮೀಟರ್ ಎತ್ತರದಲ್ಲಿದೆ, ಮುಂದಿನ ಮಿಇನೋಹಾರಾ ಸುಮಾರು 726 ಮೀಟರ್. ನಡುವೆ ಇರುವುದು ಆರೂವರೆ ಕಿಲೋಮೀಟರೂ ಇಲ್ಲ. ನೇರ ಹತ್ತಲಾಗದು. ಹಾಗಾಗಿ ಹಳಿ ಬೆಟ್ಟದ ಮೈಮೇಲೆ ಝಡ್ ಆಕಾರದಲ್ಲಿ ಬರೆದ ಹಾಗಿದೆ. ರೈಲು ಸ್ಟೇಷನ್ನಿಗೆ ಬಂದು ನಿಲ್ಲುತ್ತದೆ. ಡ್ರೈವರ್ ಎದ್ದು, ಹಿಡಿಕೆ ಕೀಲಿ ಎಲ್ಲ ತೆಗೆದುಕೊಂಡು, ನಿಮ್ಮ ಮೊಣಕಾಲು ಸವರಿಕೊಂಡು ಹಿಂದಿನ ತುದಿಗೆ ಹೋಗುತ್ತಾನೆ. ರೈಲು ಬಂದ ದಿಕ್ಕಿಗೇ, ಆದರೆ ಇನ್ನೊಂದು ಹಳಿಯಲ್ಲಿ, ಏರತೊಡಗುತ್ತದೆ. ಕಾಡಿನ ನಡುವೆ ಮತ್ತೆ ನಿಲ್ಲುತ್ತದೆ. ಡ್ರೈವರ್ ಮತ್ತೆ ಎದ್ದು ವಾಪಸು ನಡೆಯುತ್ತಾನೆ. ಮತ್ತೆ ಮುಂದಕ್ಕೆ. ಈಗ ಕಿಟಕಿಯಿಂದ ನೋಡಿದರೆ ಐದು ನಿಮಿಷದ ಹಿಂದೆ ನಿಂತಿದ್ದ ಪ್ಲಾಟ್‌ಫಾರಂ ಕೆಳಗೆ ಬೆಂಕಿಪೊಟ್ಟಣದಷ್ಟಿರುತ್ತದೆ. ಪ್ಲಾಟ್‌ಫಾರಮ್ಮಿನ ಬಳಿ 'ಆಯುಷ್ಯದ ನೀರು' ಎಂಬ ಬುಗ್ಗೆಯಿದೆ, ಸಮಯವಿದ್ದರೆ ಬಾಟಲಿ ತುಂಬಿಕೊಳ್ಳಿ.

ಬಿಂಗೋ-ಓಚಿಯಾಯಿ ಎಂದರೆ ಬೆಟ್ಟಗಳ ನಡುವೆ ಮೂರು ದಿಕ್ಕಿನ ಹಳಿ ಸೇರುವ ಜಾಗ. ಉಗಿಬಂಡಿಯ ಕಾಲದಲ್ಲಿ ನೂರಕ್ಕೂ ಹೆಚ್ಚು ರೈಲ್ವೆ ನೌಕರರಿದ್ದ ಕೂಡುನಿಲ್ದಾಣ. ಈಗ ಸಿಬ್ಬಂದಿಯೇ ಇಲ್ಲ. ಮಧ್ಯಾಹ್ನ ಎರಡೂವರೆಯ ಆಸುಪಾಸಿಗೆ ಮಾತ್ರ ಶಿಂಜಿ, ಮಿಯೋಶಿ, ನೀಮಿ – ಮೂರೂ ಕಡೆಯ ಒಂಟಿ ಡಬ್ಬಿಗಳು ಒಟ್ಟಿಗೆ ಬಂದು ನಿಲ್ಲುತ್ತವೆ. ಇಳಿದವರು ಆ ಗಾಡಿಯಿಂದ ಈ ಗಾಡಿಗೆ ಓಡಾಡಿ ಫೋಟೊ ತೆಗೆಯುತ್ತಾರೆ, ಕಾಲು ಗಂಟೆಯೊಳಗೆ ಮೂರೂ ಹೊರಟು, ಮತ್ತೆ ನೀರವ. ಶಿಂಜಿಯಿಂದ ಬೆಳಿಗ್ಗೆ ಹನ್ನೊಂದರ ನಂತರದ ರೈಲು ಹಿಡಿದರೆ ಈ ಕೂಟಕ್ಕೆ ಸರಿಯಾಗಿ ತಲುಪುತ್ತೀರಿ. ಅದು ತಪ್ಪಿದರೆ ಹತ್ತಿರದಲ್ಲಿ ಲಾಡ್ಜಿಲ್ಲ.

ಅಲ್ಲಿಂದ ನೀಮಿ ಕಡೆಗೆ ಹೋಗುವುದು ಗೇಬಿ ಲೈನು. ಬಿಂಗೋ-ಓಚಿಯಾಯಿ–ತೋಜೋ ನಡುವಿನ 25.8 ಕಿಲೋಮೀಟರಿನಲ್ಲಿ 2020ರ ಹಣಕಾಸು ವರ್ಷದ ಪ್ರಯಾಣಿಕರ ಸಾಂದ್ರತೆ, ಅಂದರೆ ಪ್ರತಿ ಕಿಲೋಮೀಟರಿನಲ್ಲಿ ಸಾಗಿದ ಸರಾಸರಿ ಜನ, ದಿನಕ್ಕೆ 9. ತೊಂಬತ್ತಲ್ಲ, ಒಂಬತ್ತು. 2017ರಿಂದ 2019ರ ಸರಾಸರಿಯಲ್ಲಿ ಅಲ್ಲಿ 100 ಯೆನ್ ಗಳಿಸಲು ಕಂಪನಿ 25,416 ಯೆನ್ ಖರ್ಚು ಮಾಡುತ್ತಿತ್ತು. ಹಳಿಯ ರಿಪೇರಿಗೆ ಹಣ ಹಾಕುವ ಬದಲು ವೇಗ ಕಡಿತ: ಬಂಡೆ ಉರುಳಬಹುದಾದ ಕಡೆಗಳಲ್ಲಿ ಗಂಟೆಗೆ ಹೆಚ್ಚೆಂದರೆ 25 ಕಿಲೋಮೀಟರ್. ಸೈಕಲ್ ಸವಾರ ಹಿಂದೆ ಹಾಕಬಲ್ಲ. ಇದರ ಭವಿಷ್ಯ ತೀರ್ಮಾನಿಸಲು ಕೇಂದ್ರ ಸರ್ಕಾರ ಕೂಡಿಸುವ ಹೊಸ ಬಗೆಯ ಸಮಿತಿ ದೇಶದಲ್ಲೇ ಮೊದಲು ರಚನೆಯಾದದ್ದು ಈ ಲೈನಿಗಾಗಿ, 2024ರಲ್ಲಿ.

ಒಳ್ಳೆಯದು: ಪೂರ್ತಿ ಜೆಆರ್, ಪಾಸು, ಸೇಶುನ್ 18 ಎರಡೂ ನಡೆಯುತ್ತವೆ; ಶಿಂಜಿಗೆ ಹತ್ತಿರದ ಮತ್ಸುಎ ಪಟ್ಟಣದಲ್ಲಿ ಹಿಂದಿನ ರಾತ್ರಿ ತಂಗಿದರೆ ಒಂದೇ ದಿನದಲ್ಲಿ ಆಚೆ ದಾಟಬಹುದು. ಕೆಟ್ಟದ್ದು: ಮಕ್ಕಳಿಗೆ ಬೇಸರ, ಹಿಮಗಾಲದಲ್ಲಿ ನಂಬಲಾಗದು, ಒಂದು ಕೊಂಡಿ ತಪ್ಪಿದರೆ ಉಳಿದದ್ದೆಲ್ಲ ಕುಸಿಯುತ್ತದೆ. ಸಸ್ಯಾಹಾರಿಗಳು ಗಮನಿಸಿ, ಸೋಬಾದ ಸಾರನ್ನು ಸಾಮಾನ್ಯವಾಗಿ ಮೀನಿನ ರಸದಿಂದ ಮಾಡುತ್ತಾರೆ.

ಹಗುರವಾದ ಆಯ್ಕೆಗಳು

ಶಿಕೋಕುವಿನ ಯೋದೋ ಲೈನು ಶಿಮಾಂತೋ ನದಿಯ ಪಕ್ಕ ಸಾಗುತ್ತದೆ. ಪ್ರವಾಹ ಬಂದಾಗ ಮುಳುಗಲೆಂದೇ ಕಟ್ಟಿದ, ಕಟಾಂಜನವಿಲ್ಲದ ಸೇತುವೆಗಳು ಕಿಟಕಿಯಲ್ಲಿ ಕಾಣುತ್ತವೆ. ಮಲೆನಾಡಿನವರು ಹೊಳೆ ನೋಡಿ 'ಇದು ನಮ್ಮದೇ' ಎಂದಾರು. ಇಲ್ಲೊಂದು ತಮಾಷೆ: ಒಂದು ಕಿಹಾ 32 ಡಬ್ಬಿಗೆ 2014ರಲ್ಲಿ ಮೊದಲ ಶಿಂಕಾನ್‌ಸೆನ್‌ನ ದುಂಡು ಮೂಗು ಅಂಟಿಸಿದ್ದಾರೆ, ಒಂದೇ ತುದಿಗೆ. ಮಕ್ಕಳಿಗೆ ಹಬ್ಬ. ಆದರೆ ಕಿಹಾ 32ರಲ್ಲಿ ಶೌಚಾಲಯವಿಲ್ಲ, ಕುಬೋಕಾವಾದಿಂದ ಉವಾಜಿಮಾಗೆ ಎರಡು ಗಂಟೆಗೂ ಹೆಚ್ಚು. ಇನ್ನೊಂದು ಕಿರಿಕಿರಿ, ಕುಬೋಕಾವಾ–ವಕಾಯಿ ನಡುವಿನ ಒಂದೇ ಒಂದು ನಿಲ್ದಾಣದ ದೂರ ಬೇರೆ ಕಂಪನಿಯದ್ದು. ಸೇಶುನ್ 18 ಇದ್ದವರೂ ಆ ತುಂಡಿಗೆ ಬೇರೆ ಹಣ ಕೊಡಬೇಕು.

ಸಮುದ್ರದ ಬೆಂಚಿನ ಫೋಟೊ ಶಿಮೋನಾದಾ ಸ್ಟೇಷನ್ನಿನದು, ಮತ್ಸುಯಾಮಾದಿಂದ ಒಂದು ಗಂಟೆ. ಸೇಶುನ್ 18 ಟಿಕೆಟ್ಟಿನ ಪೋಸ್ಟರುಗಳಿಂದಲೇ ಅದು ಹೆಸರಾದದ್ದು. ಈಗ ಸಂಜೆ ಅಲ್ಲಿ ಬೆಂಚಿಗೆ ಸಾಲು ನಿಲ್ಲಬೇಕು, ಬಹುತೇಕರು ಬರುವುದು ಕಾರಿನಲ್ಲಿ.

ನನ್ನನ್ನು ಕೇಳಿದರೆ, ಸಮುದ್ರ ಬೇಕೆನ್ನುವವರು ಕ್ಯೂಶೂವಿನ ಶಿಮಾಬಾರಾ ರೈಲಿಗೆ ಹೋಗಲಿ. ಹಳದಿ ಬಣ್ಣದ ಒಂಟಿ ಡಬ್ಬಿ, ಸುಮಾರು ಗಂಟೆಗೊಂದು. 2022ರ ಸೆಪ್ಟೆಂಬರ್‌ನಿಂದ ಶಿಂಕಾನ್‌ಸೆನ್ ನಿಲ್ಲುವ ಇಸಾಹಾಯಾದಲ್ಲೇ ಹತ್ತಬಹುದು. ಎಡಬದಿ ಕೂತರೆ ಅರಿಯಾಕೆ ಸಮುದ್ರ. ಓಮಿಸಾಕಿ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರಮ್ಮಿನ ಅಂಚೇ ಕಡಲತೀರ. ಇನ್ನೊಂದು ಬದಿಗೆ 1991ರಲ್ಲಿ ಉರಿಬೂದಿ ಕಾರಿದ ಉನ್‌ಝೆನ್ ಬೆಟ್ಟ. ವಯಸ್ಸಾದ ಅಪ್ಪ-ಅಮ್ಮನ ಜೊತೆ ಹೋಗುವವರಿಗೆ ಇಡೀ ಪಟ್ಟಿಯಲ್ಲಿ ಇದರಷ್ಟು ಸಲೀಸಾದದ್ದಿಲ್ಲ. ಶಿಮಾಬಾರಾದಿಂದ ಹಡಗಿನಲ್ಲಿ ಕುಮಾಮೋತೋಗೆ ದಾಟಿದರೆ ಅಲ್ಲಿ ಮಿನಾಮಿ-ಅಸೋ ರೈಲು, 17.7 ಕಿಲೋಮೀಟರ್ ಮಾತ್ರ, ಜ್ವಾಲಾಮುಖಿಯ ಬಟ್ಟಲೊಳಗೇ ಓಡುತ್ತದೆ. 2016ರ ಭೂಕಂಪದಲ್ಲಿ ಮುರಿದು 2023ರ ಜುಲೈನಲ್ಲಿ ಪೂರ್ತಿ ತೆರೆಯಿತು.

ಇನ್ನು ಹೊನ್ಶೂವಿನ ಈಶಾನ್ಯ ಕರಾವಳಿಯ ಸಾನ್‌ರಿಕು. ಸಕಾರಿಯಿಂದ ಕುಜಿವರೆಗೆ 163 ಕಿಲೋಮೀಟರ್, ಮೂರನೇ ವಲಯದ ಅತಿ ಉದ್ದದ ಲೈನು. 2011ರ ಮಾರ್ಚ್ 11ರ ಸುನಾಮಿಯಾಗಿ ಐದೇ ದಿನಕ್ಕೆ, ಉಳಿದಿದ್ದ ಒಂದು ತುಂಡಿನ ಮೇಲೆ ಇವರು ರೈಲು ಓಡಿಸಿದರು. ಉತ್ತರಕ್ಕೆ ಹೋಗುವಾಗ ಸಮುದ್ರ ಬಲಕ್ಕೆ, ಆದರೆ ಸುರಂಗಗಳೂ ಅಷ್ಟೇ. ಹೊಸ ತಡೆಗೋಡೆಗಳು ಕೆಲವೆಡೆ ಕಡಲನ್ನೇ ಮುಚ್ಚಿವೆ. ದೃಶ್ಯಕ್ಕಾಗಿ ಹೋಗುವವರಿಗಿಂತ, ಮಿಯಾಕೋದಲ್ಲೋ ಕಮಾಇಶಿಯಲ್ಲೋ ಒಂದು ರಾತ್ರಿ ತಂಗಿ ಊರು ನೋಡುವ ತಾಳ್ಮೆಯಿದ್ದವರಿಗೆ ಇದು.

ಹಾಗಾದರೆ ಯಾವುದು?

ಒಂದು ದಿನ, ಮಕ್ಕಳು ಜೊತೆಗೆ: ವತರಾಸೆ. ಹಿರಿಯರು ಜೊತೆಗೆ: ಶಿಮಾಬಾರಾ. ಎರಡು ದಿನ, ಅಕ್ಟೋಬರ್ ಕೊನೆಯ ವಾರ, ಟೋಕಿಯೋದಿಂದ: ತದಾಮಿ, ನಡುವೆ ಒಂದು ರಾತ್ರಿ. ಹಿಮ ನೋಡಲೇಬೇಕು, ಹಣದ ಚಿಂತೆಯಿಲ್ಲ: ಹನಸಾಕಿ, ಬೆಟ್ಟದ ಲೈನುಗಳಿಗಿಂತ ನಂಬಿಕಸ್ಥ. ಸೇಶುನ್ 18 ಕೈಯಲ್ಲಿದೆ, ಒಬ್ಬರೇ ಇದ್ದೀರಿ, ಕಿಟಕಿಯಾಚೆ ಏನೂ ಆಗದಿದ್ದರೂ ಬೇಸರವಾಗುವುದಿಲ್ಲ: ಕಿಸುಕಿ, ಹಿಮ ಬೀಳುವ ಮೊದಲು.

ಟಿಕೆಟ್ ಕಾಯ್ದಿರಿಸುವ ಅಗತ್ಯ ಇವುಗಳಲ್ಲಿ ಯಾವುದಕ್ಕೂ ಇಲ್ಲ, ಬಂದು ಹತ್ತುವುದಷ್ಟೇ. ಆದರೆ ಜಪಾನಿನಲ್ಲಿ ವೇಳಾಪಟ್ಟಿ ಪ್ರತಿ ವರ್ಷ ಮಾರ್ಚ್ ಮಧ್ಯದಲ್ಲಿ ಬದಲಾಗುತ್ತದೆ, ಕಡಿಮೆ ಜನರಿರುವ ರೈಲುಗಳು ಕಣ್ಮರೆಯಾಗುವುದೂ ಆಗಲೇ. ಹಾಗಾಗಿ ಹೋಗುವ ರೈಲಿಗಿಂತ ಮೊದಲು ಬರುವ ರೈಲಿನ ಸಮಯ ನೋಡಿ, ಕಾಗದದ ಮೇಲೆ ಬರೆದುಕೊಳ್ಳಿ. ಬೆಟ್ಟದ ನಡುವೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ.